ಕೋಣೆಯ ಕೀಲಿ ಯಾರ ಕೈಯಲ್ಲಿ?

ಚಿಕ್ಕೋಡಿ ಕಡೆಯಿಂದ ಬಂದ ಗೂಡ್ಸ್ ಗಾಡಿ ಹೈಸ್ಕೂಲಿನ ಅಂಗಳದಲ್ಲಿ ನಿಲ್ಲುತ್ತದೆ. ಏಕಸಂಬಿಯದು ಅನ್ನಿ, ಸದಲಗಾದ್ದು ಅನ್ನಿ, ರಾಯಬಾಗದ ಆಚೆಯ ಯಾವುದೋ ಹಳ್ಳಿಯದು ಅನ್ನಿ, ನೋಟ ಒಂದೇ. ಗಾಡಿಯಿಂದ ರಟ್ಟಿನ ಡಬ್ಬಿಗಳು ಇಳಿಯುತ್ತವೆ. ಒಂಬತ್ತನೇ ಇಯತ್ತೆಯ ನಾಲ್ಕು ಹುಡುಗರನ್ನು ಹೊರಲು ಕರೆಯುತ್ತಾರೆ. ನೋಡಲು ದೊಡ್ಡ ಡಬ್ಬಿ, ಎತ್ತಿದರೆ ಹೂವಿನಷ್ಟು ಹಗುರ. ‘ಸರ, ಒಳಗ ಏನೈತ್ರಿ?’ ಎಂದು ಒಬ್ಬ ಕೇಳುತ್ತಾನೆ. ‘ಗುಳಗಿ ಅದಾವ, ಸುಮ್ಮ ನಡೀ’ ಎಂದು ಹೆಡ್‌ಮಾಸ್ತರರ ಉತ್ತರ ಬರುತ್ತದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಡಬ್ಬಿಯ ಮೇಲಿನ ‘ಶುಚಿ’ ಎಂಬ ಎರಡಕ್ಷರ ಓದಲು ಒಂಬತ್ತನೇ ಇಯತ್ತೆ ಬೇಕಿಲ್ಲ, ಒಂದನೆಯದೇ ಸಾಕು.

ಡಬ್ಬಿಗಳು ಆಟದ ಸಾಮಾನಿನ ಕೋಣೆ ಸೇರುತ್ತವೆ. ವಾಲಿಬಾಲ್ ನೆಟ್ಟಿನ ಪಕ್ಕ, ಹರಿದ ಭೂಪಟದ ಕೆಳಗೆ. ಕೋಣೆಯ ಕೀಲಿ ಹೆಡ್‌ಮಾಸ್ತರರ ಜೇಬಿನಲ್ಲಿ. ಹಂಚುವ ಕೆಲಸ ಮಾತ್ರ ಅಕ್ಕೋರದು. ತಾಸಿನ ನಡುವೆ ಎದ್ದುನಿಂತ ಹುಡುಗಿ ಅಕ್ಕೋರ ಕಿವಿಯಲ್ಲಿ ಹೇಳಬೇಕು. ಅಕ್ಕೋರು ಹೋಗಿ ಹೆಡ್‌ಮಾಸ್ತರರ ಎದುರು ನಿಂತು, ಯಾಕೆ ಎಂದು ಹೇಳದೆ, ಕೀಲಿ ಕೇಳಬೇಕು. ಅವರು ಬಿಇಒ ಆಫೀಸಿನ ಮೀಟಿಂಗಿಗೆ ಚಿಕ್ಕೋಡಿಗೆ ಹೋಗಿದ್ದರೆ ಕೀಲಿಯೂ ಚಿಕ್ಕೋಡಿಗೆ ಹೋಗಿರುತ್ತದೆ.

ಮುಟ್ಟಿನ ಪ್ಯಾಡನ್ನು ಪುಕ್ಕಟೆ ಹಂಚುವ, ಅದರ ಬಗ್ಗೆ ಜನರಿಗೆ ತಿಳಿಹೇಳುವ ಹುದ್ದೆಗೆ ಗಂಡಸನ್ನು ನೇಮಿಸಬಹುದೇ? 2022ರಲ್ಲಿ ಈ ಪ್ರಶ್ನೆ ದೂರದ ಸ್ಕಾಟ್ಲೆಂಡಿನಲ್ಲಿ ಎದ್ದು ಜಗತ್ತಿನ ಪತ್ರಿಕೆಗಳನ್ನೆಲ್ಲ ಸುತ್ತಿ ಬಂತು. ಓದಿದವರು ನಕ್ಕರು, ಕೆಲವರು ಸಿಟ್ಟಾದರು, ಬಹಳ ಜನ ಮರೆತರು. ನಮ್ಮ ಕಡೆ ಅದನ್ನು ಕೇಳುವ ರೀತಿ ಬೇರೆ. ಇಲ್ಲಿ ಈ ಕೆಲಸದಲ್ಲಿ ಗಂಡಸರು ಯಾವ ನೇಮಕಾತಿ ಆದೇಶವೂ ಇಲ್ಲದೆ ಮೊದಲಿನಿಂದಲೂ ಇದ್ದಾರೆ. ಕೀಲಿ ಅವರ ಕೈಯಲ್ಲಿದೆ, ಮಾತು ಮಾತ್ರ ಅವರ ಬಾಯಲ್ಲಿಲ್ಲ.

ತಂಬಾಕು ಮಾರಿದವನಿಗೆ ಈ ಹುದ್ದೆ

ನಡೆದದ್ದು ಇಷ್ಟು. ಪ್ಯಾಡ್, ಟ್ಯಾಂಪನ್‌ನಂಥ ಮುಟ್ಟಿನ ಸಾಮಗ್ರಿ ಬೇಕಾದ ಎಲ್ಲರಿಗೂ ಪುಕ್ಕಟೆ ಸಿಗಬೇಕು ಎಂಬ ಕಾಯ್ದೆಯನ್ನು ಸ್ಕಾಟ್ಲೆಂಡಿನ ಸಂಸತ್ತು 2020ರ ನವೆಂಬರ್ 24ರಂದು ಒಪ್ಪಿತು. ಜಗತ್ತಿನಲ್ಲೇ ಅಂಥ ಮೊದಲ ಕಾಯ್ದೆ ಅದು. ಮಂಡಿಸಿದವರು ಮೋನಿಕಾ ಲೆನನ್ ಎಂಬ ಸದಸ್ಯೆ. ಪರವಾಗಿ 121 ಮತ, ವಿರುದ್ಧ ಒಂದೂ ಇಲ್ಲ. 2022ರ ಆಗಸ್ಟ್ 15ರಂದು, ನಾವು ಧ್ವಜ ಹಾರಿಸುತ್ತಿದ್ದ ದಿನವೇ, ಕಾಯ್ದೆ ಜಾರಿಗೆ ಬಂತು. ಊರಿನ ಆಡಳಿತ ಮತ್ತು ಶಾಲೆ-ಕಾಲೇಜುಗಳು ಈ ಸಾಮಗ್ರಿ ಇಡಲೇಬೇಕು. ಸುಲಭವಾಗಿ ಸಿಗುವಂತೆ ಇಡಬೇಕು, ತೆಗೆದುಕೊಳ್ಳುವವಳ ಮರ್ಯಾದೆ ಉಳಿಯುವಂತೆ ಇಡಬೇಕು, ಒಂದೇ ಬಗೆಯದನ್ನಲ್ಲ, ಆಯ್ಕೆಗೆ ಸಿಗುವಂತೆ ಇಡಬೇಕು.

ಟೇಸೈಡ್ ಎಂಬ ಭಾಗದ ಕಾಲೇಜುಗಳೂ ಸ್ಥಳೀಯ ಆಡಳಿತಗಳೂ ಸೇರಿ, ಈ ಕೆಲಸ ನೋಡಿಕೊಳ್ಳಲು ಒಂದು ಹುದ್ದೆ ಹುಟ್ಟಿಸಿದವು. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಮುಟ್ಟಿನ ಮರ್ಯಾದೆಯ ಅಧಿಕಾರಿ’. ಶಾಲೆ ಕಾಲೇಜುಗಳಿಗೆ ಹೋಗಿ ಮಾತಾಡುವುದು, ಪ್ಯಾಡಿಗೆಂದು ಬಂದ ಸರ್ಕಾರಿ ದುಡ್ಡು ಸರಿಯಾಗಿ ಬಳಕೆಯಾಗುವಂತೆ ನೋಡುವುದು, ಮುಟ್ಟು ನಿಲ್ಲುವ ವಯಸ್ಸಿನ ಕಷ್ಟಗಳ ಬಗ್ಗೆಯೂ ತಿಳಿಹೇಳುವುದು ಅಧಿಕಾರಿಯ ಕೆಲಸ. ಆ ಹುದ್ದೆಗೆ ಆಯ್ಕೆಯಾದವರು ಜೇಸನ್ ಗ್ರಾಂಟ್. ಹಿಂದೆ ತಂಬಾಕು ಕಂಪನಿಯ ಮಾರಾಟಗಾರ, ಆಮೇಲೆ ವ್ಯಾಯಾಮ ಹೇಳಿಕೊಡುವವರು, ಆಮೇಲೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಯೋಗಕ್ಷೇಮ ನೋಡುವವರು. (ಈ ಸುದ್ದಿ ಓದಿ ತಂಬಾಕಿಗೇ ಹೆಸರಾದ ನಿಪ್ಪಾಣಿಯವರಿಗೆ ತುಸು ನಗು ಬಂದಿರಬೇಕು. ನಮ್ಮ ಕಡೆ ತಂಬಾಕು ಮಾರಿದವರು ಶಾಸಕರಾಗಲು ಹೊರಟಾರು, ಈ ಹುದ್ದೆಗೆ ಅರ್ಜಿ ಹಾಕುವವರಲ್ಲ.)

ಗಂಡಸಾಗಿರುವುದರಿಂದಲೇ ಸಂಕೋಚದ ಗೋಡೆ ಒಡೆಯಲು ಅನುಕೂಲ ಎಂಬುದು ಗ್ರಾಂಟ್ ಅವರ ವಾದ. ಮುಟ್ಟು ಹೆಂಗಸರ ಗುಟ್ಟು ಎನ್ನುವ ಭಾವನೆ ಹೋಗಬೇಕಾದರೆ ಗಂಡಸರೂ ಮಾತಾಡಬೇಕಲ್ಲ ಎಂದರು. ಟೆನಿಸ್ ತಾರೆ ಮಾರ್ಟಿನಾ ನವ್ರಾಟಿಲೋವಾ ಸೇರಿದಂತೆ ಅನೇಕ ಹೆಂಗಸರು ಸಿಡಿದೆದ್ದರು. ಒಂದು ದಿನವೂ ಮುಟ್ಟಾಗದವನು ಮುಟ್ಟಿನ ಪಾಠ ಹೇಳುವುದೇ? ಅರ್ಹ ಹೆಂಗಸು ಒಬ್ಬಳೂ ಸಿಗಲಿಲ್ಲವೇ? ಗ್ರಾಂಟ್ ಅವರೇ ಅತ್ಯಂತ ಯೋಗ್ಯ ಅಭ್ಯರ್ಥಿ ಎಂದು ನೇಮಿಸಿದವರು ಸಮರ್ಥಿಸಿಕೊಂಡರು. ಸಿಟ್ಟು ಬೈಗುಳವಾಯಿತು, ಬೈಗುಳ ಬೆದರಿಕೆಯಾಯಿತು. ಸೆಪ್ಟೆಂಬರ್ ಹೊತ್ತಿಗೆ ಆ ಹುದ್ದೆಯನ್ನೇ ಕೈಬಿಟ್ಟರು. ಬೆದರಿಕೆ ಹಾಕಿದವರು ಗೆದ್ದಂತಾಯಿತು. ಅದು ಸರಿಯಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಆ ಗದ್ದಲದಲ್ಲಿ ಎರಡು ಪ್ರಶ್ನೆಗಳು ಒಂದರಲ್ಲೊಂದು ಕಲಸಿಹೋದವು. ಗಂಡಸು ಮುಟ್ಟಿನ ಬಗ್ಗೆ ಮಾತಾಡಬಹುದೇ ಎಂಬುದು ಒಂದು. ಸಂಬಳದ, ತೀರ್ಮಾನದ ಕುರ್ಚಿ ಯಾರಿಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೂಂ ಅನ್ನಲು ನನಗೆ ಕ್ಷಣವೂ ಬೇಡ. ಎರಡನೆಯದಕ್ಕೆ ಅಷ್ಟು ಬೇಗ ತಲೆಯಾಡಿಸಲಾರೆ. ಹೆಂಗಸರಿಗೆಂದೇ ಹುಟ್ಟಿದ ಹುದ್ದೆಯೊಂದು ಕಡೆಗೂ ಗಂಡಸಿಗೇ ಹೋದರೆ, ಅದುವರೆಗೆ ಸಂಬಳವಿಲ್ಲದೆ ಅದೇ ಕೆಲಸ ಮಾಡುತ್ತ ಬಂದವಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ?

ಕಾಗೆ ಮುಟ್ಟಿದ ಕತೆ

ಏಕಸಂಬಿಗೆ ಎರಡು ನಾಲಿಗೆ. ದೂಧಗಂಗಾ ದಾಟಿ ದಾನವಾಡದ ಸೇತುವೆ ಹತ್ತಿ ಇಳಿದರೆ ಮಹಾರಾಷ್ಟ್ರ. ಊರನ್ನು ಏಕಸಂಬಿ ಅಂತಲೂ ಕರೆಯುತ್ತಾರೆ, ಯಕ್ಸಂಬಾ ಅಂತಲೂ ಕರೆಯುತ್ತಾರೆ. ಮುಟ್ಟಿಗೂ ಹಾಗೆಯೇ ಎರಡೂ ಭಾಷೆಯಲ್ಲಿ ಅಡ್ಡಹೆಸರುಗಳು. ಕನ್ನಡದಲ್ಲಿ ‘ಕಡಿಗಾಗ್ಯಾಳ’, ‘ಹೊರಗ ಆಗ್ಯಾಳ’. ಮರಾಠಿಯಲ್ಲಿ ‘ಕಾವಳಾ ಶಿವಲಾ’, ಅಂದರೆ ಕಾಗೆ ಮುಟ್ಟಿತು. ಮನೆಯ ಸಣ್ಣ ಹುಡುಗರು ಅಂಗಳದಲ್ಲಿ ಕಾಗೆ ಹುಡುಕುತ್ತಾರೆ. ಹೀಗೆ ಸುತ್ತಿಬಳಸಿ ಹೇಳುವುದನ್ನು ಹೆಂಗಸರು ತಮ್ಮ ರಕ್ಷಣೆಗೆ ಕಟ್ಟಿಕೊಂಡರೇ, ಅವರ ಬಾಯಿ ಮುಚ್ಚಿಸಲು ಬೇರೆಯವರು ಕಟ್ಟಿದರೇ ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇರಬೇಕು.

ಈ ನೆಲಕ್ಕೆ ಇನ್ನೊಂದು ನೆನಪೂ ಇದೆ. ಹನ್ನೆರಡನೇ ಶತಮಾನದ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು ಎಂಬುದನ್ನು ಇಲ್ಲಿನ ಲಿಂಗಾಯತ ಮನೆಗಳಲ್ಲಿ ಯಾರೂ ಹೇಳಿಯಾರು: ಹುಟ್ಟಿನದು, ಸಾವಿನದು, ಜಾತಿಯದು, ಎಂಜಲಿನದು, ರಜಸ್ಸಿನದು. ಐದನೆಯದೇ ಮುಟ್ಟಿನ ಮೈಲಿಗೆ. ಲಿಂಗ ಕಟ್ಟಿಕೊಂಡ ಹೆಣ್ಣಿಗೆ ಆ ಮೂರು ದಿನವೂ ಪೂಜೆ ತಪ್ಪಬೇಕಿಲ್ಲ ಎಂದರು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಬಸವಣ್ಣ ಗಂಡಸೇ. ಗಂಡಸು ಮುಟ್ಟಿನ ಬಗ್ಗೆ ಬಾಯಿ ಬಿಡಬಹುದೇ ಎಂಬ ಚರ್ಚೆಗೆ ನಮ್ಮಲ್ಲಿ ಎಂಟುನೂರು ವರ್ಷದ ಹಿಂದೆಯೇ ಉತ್ತರ ಬಂದಿದೆ. ಉತ್ತರ ಬಂದ ಮೇಲೂ ಎಷ್ಟೋ ಮನೆಗಳಲ್ಲಿ ‘ಇವತ್ತ ದೇವರ ಖೋಲಿಗಿ ಬರಬ್ಯಾಡ’ ಎಂಬ ಮಾತು ಉಳಿದಿದೆ. ಅದನ್ನು ಹೇಳುವವರು ಹೆಚ್ಚಾಗಿ ಅಜ್ಜಿಯರು, ಅತ್ತೆಯರು. ಗಂಡಸರು ಹೇಳುವುದಿಲ್ಲ. ಅವರಿಗೆ ಯಾವುದೂ ಗೊತ್ತೇ ಇಲ್ಲ ಎಂಬಂತೆ ಪೇಪರ್ ಓದುತ್ತ ಕೂತಿರುತ್ತಾರೆ.

ಶಾಂತಿಯ ಗಂಡ

ಗಂಡಸು ಈ ಕೆಲಸಕ್ಕೆ ಇಳಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಉದಾಹರಣೆ ಇದೆ. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ. 1998ರಲ್ಲಿ ಮದುವೆಯಾದ ಹೊಸದರಲ್ಲಿ ಹೆಂಡತಿ ಶಾಂತಿ ಹಳೆಯ ಬಟ್ಟೆಯನ್ನು ಸೆರಗಿನ ಮರೆಯಲ್ಲಿ ಒಯ್ಯುವುದನ್ನು ಕಂಡರು. ಅಂಗಡಿಯ ಪ್ಯಾಡ್ ಯಾಕೆ ತರಬಾರದು ಎಂದು ಕೇಳಿದರೆ, ಮನೆಯ ಹೆಂಗಸರೆಲ್ಲ ಅದನ್ನು ಕೊಂಡರೆ ಹಾಲಿನ ಖರ್ಚು ನಿಲ್ಲಿಸಬೇಕಾದೀತು ಎಂಬರ್ಥದ ಉತ್ತರ ಬಂತು. ತಾನೇ ಮಾಡಿಕೊಡುತ್ತೇನೆಂದು ಹತ್ತಿಯಲ್ಲಿ ಒಂದು ಮಾಡಿ ಕೊಟ್ಟರು, ಹೇಗಿದೆ ಈಗಲೇ ಹೇಳು ಎಂದರು. ಮುಂದಿನ ತಿಂಗಳವರೆಗೆ ಕಾಯಬೇಕು ಎಂದು ಹೆಂಡತಿ ತಿಳಿಸಿ ಹೇಳಿದಾಗಲೇ ಅವರಿಗೆ ಲೆಕ್ಕ ಹತ್ತಿದ್ದು.

ಮುಂದಿನದು ಸಿನಿಮಾ ಆಗಿ ಎಲ್ಲರಿಗೂ ಗೊತ್ತು. ತಂಗಿಯರು ಹೇಳಲೊಲ್ಲರು, ಮೆಡಿಕಲ್ ಕಾಲೇಜಿನ ಹುಡುಗಿಯರೂ ನಾಚಿದರು. ಕಡೆಗೆ ಫುಟ್‌ಬಾಲ್ ಬ್ಲಾಡರಿಗೆ ಆಡಿನ ರಕ್ತ ತುಂಬಿ ತಾವೇ ಸೊಂಟಕ್ಕೆ ಕಟ್ಟಿಕೊಂಡು ಸೈಕಲ್ ತುಳಿದರು. ಊರವರು ಹುಚ್ಚ ಎಂದರು. ಹೆಂಡತಿ ಬಿಟ್ಟುಹೋದರು, ತಾಯಿಯೂ ಹೋದರು. ಕಂಪನಿಯ ಪ್ಯಾಡಿನೊಳಗಿರುವುದು ಬರೀ ಹತ್ತಿಯಲ್ಲ, ಮರದ ತಿರುಳಿನಿಂದ ಬಂದ ನಾರು ಎಂದು ತಿಳಿಯಲು ಎರಡು ವರ್ಷಕ್ಕೂ ಹೆಚ್ಚು ಹಿಡಿಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರ ಮಾಡುವ ಕೆಲಸವನ್ನು ಲಕ್ಷದೊಳಗಿನ ಸಾದಾ ಯಂತ್ರಕ್ಕೆ ಇಳಿಸಿದರು. 2016ರಲ್ಲಿ ಪದ್ಮಶ್ರೀ ಬಂತು, 2018ರಲ್ಲಿ ಅಕ್ಷಯ್ ಕುಮಾರ್ ಅಭಿನಯದ ‘ಪ್ಯಾಡ್‌ಮ್ಯಾನ್’ ಬಂತು.

ಸಿನಿಮಾ ನೋಡಿದವರಿಗೆ ರಕ್ತದ ಬ್ಲಾಡರ್ ನೆನಪಿರುತ್ತದೆ. ನನಗೆ ಮುಖ್ಯ ಅನ್ನಿಸುವುದು ಅವರು ಆಮೇಲೆ ಮಾಡಿದ್ದು. ತಾವೇ ಪ್ಯಾಡ್ ಕಂಪನಿ ಕಟ್ಟಿ ಸಾಹುಕಾರರಾಗುವ ಬದಲು ಯಂತ್ರವನ್ನು ಹೆಂಗಸರ ಸ್ವಸಹಾಯ ಸಂಘಗಳಿಗೆ ಕೊಟ್ಟರು. ಮಾಡುವವರು ಹೆಂಗಸರು, ಮಾರುವವರು ಹೆಂಗಸರು, ಲೆಕ್ಕ ಇಡುವವರೂ ಅವರೇ. ಸ್ಕಾಟ್ಲೆಂಡಿನ ಹುದ್ದೆಗೂ ಇದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ಬಂದು ನಿಂತು ಮತ್ತೆ ಬಂದ ಶುಚಿ

ಕರ್ನಾಟಕ ಸರ್ಕಾರ 2013-14ರಲ್ಲಿ ‘ಶುಚಿ’ ಯೋಜನೆ ತಂದಿತು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ, ಹಾಸ್ಟೆಲುಗಳ ಹದಿಹರೆಯದ ಹುಡುಗಿಯರಿಗೆ ಪುಕ್ಕಟೆ ಪ್ಯಾಡ್. ಅದಕ್ಕೂ ಮೊದಲು, 2011ರಿಂದ, ಕೇಂದ್ರದ ಒಂದು ಯೋಜನೆ ಹಳ್ಳಿಗಳಲ್ಲಿ ಶುರುವಾಗಿತ್ತು: ಆರು ಪ್ಯಾಡಿನ ಪ್ಯಾಕೆಟ್ಟಿಗೆ ಆರು ರೂಪಾಯಿ, ಮನೆಮನೆಗೆ ಹೋಗಿ ಮಾರುವ ಆಶಾ ಕಾರ್ಯಕರ್ತೆಗೆ ಪ್ಯಾಕೆಟ್ಟಿಗೆ ಒಂದು ರೂಪಾಯಿ. ಮುಟ್ಟಿನ ಮರ್ಯಾದೆಯ ಅಧಿಕಾರಿ ಎಂಬ ಹುದ್ದೆ ಭಾರತದಲ್ಲೂ ಇತ್ತು ಅನ್ನಿ, ಸಂಬಳ ಮಾತ್ರ ಪ್ಯಾಕೆಟ್ಟಿಗೆ ಒಂದು ರೂಪಾಯಿ. ಆ ಹುದ್ದೆಗೆ ಗಂಡಸರು ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಶುಚಿ ಕೆಲವು ವರ್ಷ ನಡೆಯಿತು. ಕೋವಿಡ್ ಕಾಲಕ್ಕೆ ಶಾಲೆಗಳ ಬಾಗಿಲು ಮುಚ್ಚಿದಾಗ ನಿಂತಿತು. ಬಾಗಿಲು ತೆರೆದ ಮೇಲೂ ನಿಂತೇ ಇತ್ತು. ಟೆಂಡರು, ದರ, ಕಡತ ಎಂದು ವರ್ಷಗಳು ಹೋದವು. 2024ರಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಮತ್ತೆ ಚಾಲನೆ ಕೊಟ್ಟರು; ಸುಮಾರು 19 ಲಕ್ಷ ಹುಡುಗಿಯರಿಗೆ ಎಂದರು. ನಡುವೆ ಒಂದು ಬ್ಯಾಚು ಎಂಟನೇ ಇಯತ್ತೆಗೆ ಬಂದು ಎಸ್ಸೆಸ್ಸೆಲ್ಸಿ ಮುಗಿಸಿ ಹೋಗಿತ್ತು. ದಕ್ಷಿಣ ಕನ್ನಡ ಮತ್ತು ಚಾಮರಾಜನಗರದಲ್ಲಿ ಪ್ರಯೋಗಕ್ಕೆಂದು ಮುಟ್ಟಿನ ಕಪ್ಪುಗಳನ್ನೂ ಕೊಟ್ಟರು. ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತದೆ, ಕಸವೂ ಇಲ್ಲ. ಹಳ್ಳಿಯ ಹುಡುಗಿಗೆ ಅದನ್ನು ಕುದಿಸಲು ಪಾತ್ರೆ ಯಾರು ಕೊಡುತ್ತಾರೆ ಎಂಬುದು ಅಡುಗೆಮನೆಯಲ್ಲಿ ತೀರ್ಮಾನವಾಗುವ ಪ್ರಶ್ನೆ.

ಪ್ರಧಾನಿ ನರೇಂದ್ರ ಮೋದಿ 2020ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಒಂದು ರೂಪಾಯಿಯ ಪ್ಯಾಡಿನ ಮಾತಾಡಿದರು. ಜನೌಷಧಿ ಅಂಗಡಿಗಳಲ್ಲಿ ಅದು ಸಿಗುತ್ತದೆ. ದೇಶದ ಪ್ರಧಾನಿ ಧ್ವಜದ ಕೆಳಗೆ ನಿಂತು ಹೇಳಬಹುದಾದ ಮಾತನ್ನು ಹೆಡ್‌ಮಾಸ್ತರರು ನಾಲ್ಕು ಹುಡುಗರ ಎದುರು ಹೇಳಲಾರದೆ ‘ಗುಳಗಿ’ ಅಂದರು.

ಏನೂ ಬದಲಾಗಿಲ್ಲ ಎಂದಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಪ್ಯಾಡಿನಂಥ ಶುಚಿಯಾದ ಸಾಧನ ಬಳಸುವವರು 2015-16ರಲ್ಲಿ ನೂರಕ್ಕೆ 58ರ ಸುಮಾರು ಇದ್ದರು, 2019-21ರ ಸಮೀಕ್ಷೆಯಲ್ಲಿ 77 ದಾಟಿದರು. ಬಟ್ಟೆ ಬಳಸುವವರೆಲ್ಲ ಕೊಳಕರು ಎಂದು ತಿಳಿಯಬೇಡಿ. ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದ ಹತ್ತಿ ಬಟ್ಟೆಯಿಂದ ತೊಂದರೆಯಿಲ್ಲ. ತೊಂದರೆ ಇರುವುದು ಆ ಬಿಸಿಲು ಸಿಗದಿರುವುದರಲ್ಲಿ. ಮುಟ್ಟಿನ ಬಟ್ಟೆಯನ್ನು ಗಂಡಸರ ಕಣ್ಣಿಗೆ ಬೀಳದಂತೆ ಸೀರೆಯ ಅಡಿಯಲ್ಲೋ ದನದ ಕೊಟ್ಟಿಗೆಯ ಮೂಲೆಯಲ್ಲೋ ಹಸಿಹಸಿಯಾಗಿ ಒಣಹಾಕುತ್ತಾರೆ. ಗಂಡಸರ ಕಣ್ಣೇ ಇಲ್ಲಿ ರೋಗ ತರುವುದು ಎಂದರೆ ತಪ್ಪಾಗದು.

ಬಿಲ್ಲು ತಂದವರು, ಬೇಡ ಎಂದವರು

ಹೆಂಗಸು ಕುರ್ಚಿಯಲ್ಲಿ ಕೂತರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ದೆಹಲಿಯ ಒಂದು ಕತೆ. ದುಡಿಯುವ ಹೆಂಗಸರಿಗೆ ಮುಟ್ಟಿನ ರಜೆ ಬೇಕೆಂದು 2017ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದವರು ನಿನಾಂಗ್ ಎರಿಂಗ್, ಅರುಣಾಚಲ ಪ್ರದೇಶದ ಗಂಡಸು. 2023ರ ಡಿಸೆಂಬರಿನಲ್ಲಿ ರಾಜ್ಯಸಭೆಯಲ್ಲಿ, ಮುಟ್ಟು ಅಂಗವೈಕಲ್ಯವಲ್ಲ, ಸಂಬಳದ ರಜೆ ಬೇಕಿಲ್ಲ ಎಂದವರು ಸ್ಮೃತಿ ಇರಾನಿ. ಆಗ ಅವರೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ. ರಜೆ ಕೊಟ್ಟರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬ ಅಂಜಿಕೆ ಬಹಳ ಹೆಂಗಸರಿಗೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಬಿಹಾರ ಸರ್ಕಾರ ತನ್ನ ಮಹಿಳಾ ನೌಕರರಿಗೆ ತಿಂಗಳಿಗೆ ಎರಡು ದಿನದ ವಿಶೇಷ ರಜೆ ಕೊಟ್ಟದ್ದು 1992ರಲ್ಲಿ. ಮುಖ್ಯಮಂತ್ರಿ ಲಾಲು ಪ್ರಸಾದ್ ಯಾದವ್ ನಿಜ, ಆದರೆ ಅದು ಅವರ ತಲೆಯಲ್ಲಿ ತಾನಾಗಿ ಹೊಳೆದದ್ದಲ್ಲ. ಹೆಂಗಸರು ಬೀದಿಗಿಳಿದು ಕೇಳಿದ್ದರು.

ನಮ್ಮ ರಾಜ್ಯದಲ್ಲಿ 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್. 18ರಿಂದ 52 ವಯಸ್ಸಿನವರಿಗೆ, ತಿಂಗಳಿಗೊಂದು ದಿನ. ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿಗೆ ಹೋಯಿತು. ಡಿಸೆಂಬರಿನಲ್ಲಿ ಆದೇಶಕ್ಕೆ ತಡೆ ಸಿಕ್ಕಿ, ಅದೇ ದಿನ ತಡೆ ತೆರವೂ ಆಯಿತು. ಆದೇಶ ಅನ್ವಯವಾಗುವುದು ಐದು ಕಾಯ್ದೆಗಳ ಕೆಳಗೆ ಬರುವ ಕಾರ್ಖಾನೆ, ಅಂಗಡಿ, ಕಚೇರಿಗಳಿಗೆ. ಆ ಐದರಲ್ಲಿ ಒಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಹಾಗಾಗಿ ಕಾಗದದ ಮೇಲಾದರೂ ನಿಪ್ಪಾಣಿ ಇದರೊಳಗೆ ಬಂತು. ಸಾವಿರ ಬೀಡಿಗೆ ಇಷ್ಟು ಎಂದು ಮನೆಯಲ್ಲಿ ಕೂತು ಕಟ್ಟುವವಳಿಗೆ ಸಂಬಳ ಸಹಿತ ರಜೆ ಎಂದರೆ ಎಷ್ಟು ಬೀಡಿ ಎಂದು ಲೆಕ್ಕ ಹಾಕಿಕೊಡುವವರು ಬೇಕು.

ನಿಪ್ಪಾಣಿಯ ಹೆಂಗಸರು ಮಾತಾಡಿದಾಗ

ನಿಪ್ಪಾಣಿಯ ಹೆಸರು ಬಂತೆಂದು ಒಂದು ಹಳೆಯ ಸಂಗತಿ. ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿನ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿದರು. ತಂಬಾಕಿನ ಧೂಳಿನಲ್ಲಿ ದಿನವಿಡೀ ಜರಡಿ ಹಿಡಿಯುವವರು, ಮಾಲೀಕನ ಕಣ್ಣು ತಪ್ಪಿಸಿ ಎದ್ದು ಹೋಗಲೂ ಅಂಜಬೇಕಾದವರು. ಅವರನ್ನು ಸಂಘಟಿಸುವುದರಲ್ಲಿ ಪ್ರೊ. ಸುಭಾಷ್ ಜೋಶಿ ಮುಂದೆ ನಿಂತರು. ಹೆಂಗಸರ ಸಂಘಕ್ಕೆ ಗಂಡಸು ಮುಂದಾಳು ಯಾಕೆ ಎಂದು ಆಗಲೂ ಕೇಳಬಹುದಿತ್ತು.

1982ರಲ್ಲಿ ದೀಪಾ ಧನರಾಜ್ ಮತ್ತು ಸಂಗಾತಿಗಳ ‘ಯುಗಾಂತರ’ ಬಳಗ ಈ ಹೆಂಗಸರ ಬಗ್ಗೆ ‘ತಂಬಾಕು ಚಾಕಿಲಾ ಊಬ್ ಅಲಿ’ ಎಂಬ ಸಾಕ್ಷ್ಯಚಿತ್ರ ತೆಗೆಯಿತು. ಕಾರ್ಖಾನೆಯೊಳಗಿನ ಬಾಳು ಹೇಗಿತ್ತು, ಯಾರು ಹೇಗೆ ಪೀಡಿಸುತ್ತಿದ್ದರು, ಸಂಘ ಹೇಗೆ ಕಟ್ಟಿದೆವು ಎಂದು ಅದರಲ್ಲಿ ಹೇಳುವವರು ಆ ಹೆಂಗಸರೇ. ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾರೆ. ಬಾಗಿಲು ತೆರೆಯಲು ಯಾರೋ ಕೈ ಹಚ್ಚಿದರು, ಒಳಗೆ ಹೋದಮೇಲೆ ಮಾತು ಇವರದೇ. ಗಂಡಸಿನ ಪಾತ್ರ ಎಲ್ಲಿಯವರೆಗೆ ಎಂದು ಕೇಳಿದರೆ ನಾನು ತೋರಿಸುವುದು ಆ ಬಾಗಿಲನ್ನು.

ಗಂಡಸರಿಗೆ ಕೆಲಸ ಕಡಿಮೆಯಿಲ್ಲ

ಬಾಗಿಲ ಬಳಿಯೇ ಬೇಕಾದಷ್ಟು ಕೆಲಸವಿದೆ. ಮೊದಲನೆಯದು ನೀರು. ಹುಡುಗಿಗೆ ಪ್ಯಾಡ್ ಕೊಟ್ಟು, ಬದಲಾಯಿಸಲು ನಲ್ಲಿಯಿಲ್ಲದ, ಒಳಗಿನಿಂದ ಚಿಲಕವಿಲ್ಲದ ಪಾಯಖಾನೆಗೆ ಕಳಿಸಿದರೆ ಅವಳು ಮನೆಗೇ ಹೋಗುತ್ತಾಳೆ, ನಾಲ್ಕು ದಿನ ಬರುವುದಿಲ್ಲ. ಚಿಲಕ ಹಚ್ಚುವುದು, ಪೈಪು ಜೋಡಿಸುವುದು, ಎಸ್‌ಡಿಎಂಸಿ ಸಭೆಯಲ್ಲಿ ಅದಕ್ಕೆ ದುಡ್ಡು ಪಾಸು ಮಾಡಿಸುವುದು, ಇವು ಇವತ್ತಿಗೂ ನಮ್ಮ ಊರುಗಳಲ್ಲಿ ಗಂಡಸರ ಕೈಯ ಕೆಲಸಗಳೇ. ಅದಕ್ಕೆ ಮುಟ್ಟಾದ ಅನುಭವ ಬೇಕಿಲ್ಲ, ಸ್ಕ್ರೂಡ್ರೈವರ್ ಸಾಕು.

ಎರಡನೆಯದು ಕಸ. ಬಳಸಿದ ಪ್ಯಾಡನ್ನು ಬೇರೆಯಾಗಿ ಸುತ್ತಿ ಕೊಡಬೇಕು, ಸುತ್ತಲು ಚೀಲವನ್ನು ಕಂಪನಿಯೇ ಕೊಡಬೇಕು ಎಂದು 2016ರ ಘನತ್ಯಾಜ್ಯ ನಿಯಮವೇ ಹೇಳಿತ್ತು. ನಿಯಮ ಓದಿದವರು ಕಡಿಮೆ. ಕರಿ ಕ್ಯಾರಿಬ್ಯಾಗಿನಲ್ಲಿ ಗಂಟು ಹಾಕಿ ಎಸೆದದ್ದನ್ನು ಬಿಚ್ಚಿ ಬೇರೆ ಮಾಡುವ ಕೈ ಪೌರಕಾರ್ಮಿಕರದು, ಅವರಲ್ಲಿ ಗಂಡಸರೂ ಇದ್ದಾರೆ. ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಅನುಭವ ಇರುವ ಗಂಡಸು ಅವನೇ, ಅವನನ್ನು ಯಾವ ಶಿಬಿರಕ್ಕೂ ಕರೆಯುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು. ದೂಧಗಂಗಾ, ವೇದಗಂಗಾ, ಕೃಷ್ಣಾ ತುಂಬಿದವೆಂದರೆ ದಾನವಾಡದ ಸೇತುವೆ ಮುಳುಗುತ್ತದೆ, 2019 ಮತ್ತು 2021ರಂಥ ವರ್ಷವಾದರೆ ಊರೇ ಗಂಜಿ ಕೇಂದ್ರಕ್ಕೆ ಹೋಗುತ್ತದೆ. ಪರಿಹಾರದ ಪಟ್ಟಿ ಬರೆಯುವವರು ಅಕ್ಕಿ, ಬೇಳೆ, ಚಾದರ, ಬಿಸ್ಕಿಟ್, ಸೊಳ್ಳೆಬತ್ತಿ ಎಂದು ಬರೆಯುತ್ತ ಹೋಗುತ್ತಾರೆ. ನೆರೆ ಬಂತೆಂದು ಮುಟ್ಟು ನಿಲ್ಲುವುದಿಲ್ಲವಲ್ಲ. ಪಟ್ಟಿಯಲ್ಲಿ ಒಂದು ಸಾಲು ಹೆಚ್ಚು ಬರೆಯಲು ಪಟ್ಟಿ ಬರೆಯುವ ತಲಾಟಿಗೋ ಸಂಘದ ಹುಡುಗನಿಗೋ ನಾಚಿಕೆ ಬಿಟ್ಟರೆ ಬೇರೆ ಅಡ್ಡಿಯಿಲ್ಲ.

ಮತ್ತು ಆ ನಾಲ್ಕು ಹುಡುಗರು. ‘ಪ್ಯಾಡ್ ಅದಾವ, ನಿಮ್ಮ ಅಕ್ಕ-ತಂಗೇರಿಗೆ, ಹಸೀ ಮಾಡಬ್ಯಾಡ್ರಿ’ ಎಂದು ಅವರಿಗೆ ನೇರವಾಗಿ ಹೇಳಿದ್ದರೆ, ನಕ್ಕಿದ್ದರೂ ಒಂದೇ ಸಲ ನಗುತ್ತಿದ್ದರು. ವಿಜ್ಞಾನ ಪುಸ್ತಕದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ‘ಮನೆಯಲ್ಲಿ ಓದಿಕೊಳ್ಳಿ’ ಎಂದು ಹಾಳೆ ಮಗುಚುವ ಮಾಸ್ತರರನ್ನು ಕಂಡು ನಾವೂ ಬೆಳೆದವರು. ಮನೆಯಲ್ಲಿ ಓದಲು ಕೂತರೆ ಅವ್ವ ಪುಸ್ತಕ ಕಸಿದುಕೊಳ್ಳುತ್ತಿದ್ದಳು.

ಕೀಲಿಯ ಮಾತಿಗೆ ಬರುವುದಾದರೆ, ಸ್ಕಾಟ್ಲೆಂಡಿನ ಕಾಯ್ದೆಯಲ್ಲಿ ನಮಗೆ ಬೇಕಾದದ್ದು ಆ ಅಧಿಕಾರಿಯ ಹುದ್ದೆಯಲ್ಲ. ಸುಲಭವಾಗಿ, ಮರ್ಯಾದೆಯಿಂದ ಸಿಗಬೇಕು ಎಂಬ ಒಂದು ಸಾಲು. ಪ್ಯಾಕೆಟ್ಟುಗಳನ್ನು ಹುಡುಗಿಯರ ಪಾಯಖಾನೆಯ ಗೋಡೆಯ ಒಂದು ಹಲಗೆಯ ಮೇಲೆ ಇಟ್ಟರೆ ಕೇಳುವ, ಹೇಳುವ, ಸಹಿ ಹಾಕುವ ಕೆಲಸವೇ ಇರುವುದಿಲ್ಲ. ಹೆಚ್ಚಿಗೆ ಒಯ್ದುಬಿಟ್ಟರೆ? ಒಯ್ಯಲಿ. ಮನೆಯಲ್ಲಿ ಅಕ್ಕ ಇರುತ್ತಾಳೆ, ಅವ್ವ ಇರುತ್ತಾಳೆ. ಮುಟ್ಟಾಗದವರು ಯಾರೂ ಒಯ್ಯುವುದಿಲ್ಲ.

ಕೊಯ್ತಾದ ಲೆಕ್ಕ

ಈ ಎಲ್ಲ ಯೋಜನೆಗಳ ಕೈಗೆ ಸಿಗದ ಒಬ್ಬಳಿದ್ದಾಳೆ. ದೀಪಾವಳಿ ಹೊತ್ತಿಗೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಸಕ್ಕರೆ ಕಾರ್ಖಾನೆಗಳ ಚಿಮಣಿ ಹೊಗೆಯಾಡುತ್ತಲೇ ಅವಳು ಬರುತ್ತಾಳೆ. ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ನಮ್ಮದೇ ವಿಜಯಪುರದ ಕಡೆಯಿಂದ, ಗಂಡನ ಜೊತೆ, ಕೂಸಿನ ಜೊತೆ. ಕಬ್ಬು ಕಡಿಯುವ ಟೋಳಿಯಲ್ಲಿ ಗಂಡ ಹೆಂಡತಿ ಸೇರಿ ಲೆಕ್ಕಕ್ಕೆ ಒಂದು ‘ಕೊಯ್ತಾ’, ಅಂದರೆ ಒಂದು ಕತ್ತಿ. ಗುತ್ತಿಗೆದಾರ ಮುಕಾದಮನಿಂದ ಮುಂಗಡ ಎಣಿಸಿಕೊಳ್ಳುವವನು ಗಂಡ. ಒಂದು ದಿನ ಕೆಲಸ ತಪ್ಪಿದರೆ ದಂಡ ಕಡಿದುಕೊಳ್ಳುತ್ತಾರೆ, ಅದಕ್ಕೆ ‘ಖಾಡಾ’ ಎನ್ನುತ್ತಾರೆ. ಮುಟ್ಟಿನ ದಿನವೂ ಖಾಡಾ ಖಾಡಾವೇ. ಕಬ್ಬಿನ ಹೊಲದಲ್ಲಿ ಪಾಯಖಾನೆಯಿಲ್ಲ, ಗುಡಿಸಲಿನಲ್ಲಿ ನೀರಿಲ್ಲ.

ಇದರ ಕೊನೆ ಎಲ್ಲಿಗೆ ಮುಟ್ಟಿತು ಎಂಬುದು 2019ರಲ್ಲಿ ಹೊರಬಿತ್ತು. ಬೀಡ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರು ಚಿಕ್ಕ ವಯಸ್ಸಿಗೇ ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರೆ ಎಂಬ ಸುದ್ದಿ ಬಂದು, ಮಹಾರಾಷ್ಟ್ರ ಸರ್ಕಾರ ನೀಲಂ ಗೋರ್ಹೆ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ವಿಚಾರಿಸಿದ 82,309 ಹೆಂಗಸರಲ್ಲಿ 13,861 ಮಂದಿಗೆ ಗರ್ಭಕೋಶ ಇರಲಿಲ್ಲ. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರಿಗೆ ತೆಗೆಸಿಬಿಡಿ ಎಂದ ಖಾಸಗಿ ಡಾಕ್ಟರುಗಳಿದ್ದರು. ಮುಟ್ಟೇ ಇರದಿದ್ದರೆ ಖಾಡಾ ಇಲ್ಲ ಎಂಬ ಲೆಕ್ಕವೂ ಇತ್ತು.

ಅವಳು ಶಾಲೆಯ ಹುಡುಗಿಯಲ್ಲ, ಆದ್ದರಿಂದ ಶುಚಿ ಇಲ್ಲ. ಐದು ಕಾಯ್ದೆಗಳಲ್ಲಿ ಕಬ್ಬಿನ ಹೊಲ ಬರುವುದಿಲ್ಲ, ಆದ್ದರಿಂದ 12 ದಿನದ ರಜೆ ಇಲ್ಲ. ನವೆಂಬರಿನಿಂದ ಮಾರ್ಚಿನವರೆಗೆ ಅವಳು ತನ್ನ ಊರಿನ ಆಶಾ ಕಾರ್ಯಕರ್ತೆಯ ಕೈಗೆ ಸಿಗುವುದಿಲ್ಲ, ಇಲ್ಲಿನ ಆಶಾ ಕಾರ್ಯಕರ್ತೆಯ ವಹಿಯಲ್ಲಿ ಅವಳ ಹೆಸರಿಲ್ಲ. ನಸುಕಿನಲ್ಲಿ ಟ್ರ್ಯಾಕ್ಟರಿನ ಎರಡು ಟ್ರೈಲರು ಕಬ್ಬು ತುಂಬಿಕೊಂಡು ಕಾರ್ಖಾನೆಯ ದಾರಿ ಹಿಡಿದ ಮೇಲೆ, ಕಾಲುವೆಯ ದಂಡೆಯಲ್ಲಿ ಬಟ್ಟೆ ಹಿಂಡಿ, ಯಾರಿಗೂ ಕಾಣದಂತೆ ಕಬ್ಬಿನ ರವದಿಯ ಅಡಿ ಅದನ್ನು ಹರವಿ, ಅವಳು ಕೊಯ್ತಾ ಹಿಡಿದು ಮುಂದಿನ ಸಾಲಿಗೆ ಹೋಗುತ್ತಾಳೆ.